ಕೇಸಿನ ಮಾತು ಆಮೇಲೆ, ಮೊದಲು ಆಸ್ಪತ್ರೆ

ಮನೆಯ ಹೆಣ್ಣುಮಗಳ ಮೇಲೆ ಬಲಾತ್ಕಾರ ಆಗಿದೆ ಎಂದು ಗೊತ್ತಾದ ಕೂಡಲೇ ನಮ್ಮ ಕಡೆ ಮೊದಲು ನಡೆಯುವುದು ಪಂಚಾಯ್ತಿ. ಕಂಪ್ಲೇಂಟ್ ಕೊಡುವುದೋ ಬೇಡವೋ, ಕೊಟ್ಟರೆ ಊರಲ್ಲಿ ತಲೆ ಎತ್ತುವುದು ಹೇಗೆ, ಬೆಂಗಳೂರಿಂದ ದೊಡ್ಡಣ್ಣ ಬರಲಿ, ಪರಿಚಯದ ವಕೀಲರನ್ನೊಮ್ಮೆ ಕೇಳೋಣ. ಇಷ್ಟೆಲ್ಲ ಆಗಿ ಒಂದು ತೀರ್ಮಾನಕ್ಕೆ ಬರುವ ಹೊತ್ತಿಗೆ ಎರಡು ಮೂರು ದಿನ ಕಳೆದಿರುತ್ತದೆ. ಹುಡುಗಿ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ಹೊಟ್ಟೆ ನೋಯುತ್ತಿದೆಯಾ, ರಕ್ತ ಹೋಗುತ್ತಿದೆಯಾ ಎಂದು ಒಬ್ಬರೂ ಕೇಳಿರುವುದಿಲ್ಲ.

ನಾನು ಮಲೆನಾಡಿನ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದವಳು. ಹೆರಿಗೆ ವಾರ್ಡು, ಕ್ಯಾಶುವಾಲ್ಟಿ ಎರಡೂ ಕಡೆ ವರ್ಷಗಟ್ಟಲೆ ಡ್ಯೂಟಿ ಮಾಡಿ ಈಗ ನಿವೃತ್ತಿಯಾಗಿದ್ದೇನೆ. ಆದರೂ ಯಾರೋ ನಂಬರ್ ಕೊಟ್ಟರೆಂದು ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಬರುವುದು ನಿಂತಿಲ್ಲ. "ಸಿಸ್ಟರ್, ಹೀಗಾಗಿದೆ, ಏನು ಮಾಡೋದು?" ನನ್ನ ಉತ್ತರ ಒಂದೇ. ಕೇಸು ಹಾಕುವುದು ಬಿಡುವುದು ನಾಳೆ ಯೋಚಿಸಿ, ಆಸ್ಪತ್ರೆಗೆ ಈಗಲೇ ಹೊರಡಿ. ಆ ಫೋನಿನಲ್ಲಿ ಹೇಳುವುದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಇದು ನಿಮಗೇ ಆಗಿದ್ದರೂ ಓದಿ, ಆದವರ ಜೊತೆ ಹೋಗುವವರು ನೀವಾಗಿದ್ದರೂ ಓದಿ.

ಯಾಕಿಷ್ಟು ಅವಸರ

ಮಾತ್ರೆಗಳಿಗೆ ನಿಮ್ಮ ಮನೆಯ ತೀರ್ಮಾನಕ್ಕಾಗಿ ಕಾಯಲು ಬರುವುದಿಲ್ಲ. ಎಚ್‌ಐವಿ ತಗಲದಂತೆ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು. 72 ಅಂದರೆ ಮೂರನೇ ದಿನ ಸಂಜೆ ಹೋದರೂ ನಡೆಯುತ್ತದೆ ಎಂದು ಓದಿಕೊಳ್ಳಬೇಡಿ. ಮೊದಲ ಎರಡು ಗಂಟೆಯಲ್ಲಿ ನುಂಗಿದರೆ ಎಲ್ಲಕ್ಕಿಂತ ಒಳ್ಳೆಯದು, ಆಮೇಲೆ ಗಂಟೆ ಗಂಟೆಗೂ ಅದರ ಬಲ ಇಳಿಯುತ್ತಾ ಹೋಗುತ್ತದೆ. ಗರ್ಭ ನಿಲ್ಲದಂತೆ ತಡೆಯುವ ಮಾತ್ರೆಯೂ ಹಾಗೆಯೇ, 72 ಗಂಟೆಯೊಳಗೆ ಆದಷ್ಟು ಬೇಗ. ಐದು ದಿನದವರೆಗೂ ಕೊಡುತ್ತಾರೆ, ಆದರೆ ತಡವಾದಷ್ಟೂ ಭರವಸೆ ಕಡಿಮೆ. ಮೈಮೇಲಿನ, ಒಳಗಿನ ಸ್ವಾಬ್ (ಸಾಕ್ಷ್ಯಕ್ಕಾಗಿ ಹತ್ತಿಯ ಕಡ್ಡಿಯಿಂದ ಒರೆಸಿ ತೆಗೆಯುವ ಮಾದರಿ) ತೆಗೆಯುವುದು ಸುಮಾರು 96 ಗಂಟೆಯವರೆಗೆ, ಅಂದರೆ ನಾಲ್ಕು ದಿನ.

ಈ ಗಡುವೆಲ್ಲ ದಾಟಿದ್ದರೆ ಓದುವುದನ್ನು ನಿಲ್ಲಿಸಬೇಡಿ. ತಡವಾಗಿ ಹೋದವರಿಗೂ ಮಾಡುವುದು ಬೇಕಾದಷ್ಟಿದೆ, ಅದನ್ನು ಕೊನೆಗೆ ಬರೆದಿದ್ದೇನೆ.

ಇವಿದ್ದರೆ ಬೇರೇನೂ ನೋಡದೆ 108ಕ್ಕೆ ಫೋನ್ ಮಾಡಿ

ಒಂದು ಗಂಟೆಯೊಳಗೆ ಪ್ಯಾಡ್ ಪೂರ್ತಿ ತೊಯ್ಯುವಷ್ಟು ರಕ್ತ. ಎದ್ದು ನಿಂತರೆ ಕಣ್ಣು ಕತ್ತಲೆ. ಹೊಟ್ಟೆ ಗಟ್ಟಿಯಾಗಿ, ಮುಟ್ಟಿದರೂ ತಡೆಯಲಾರದ ನೋವು. ಮೂತ್ರ ಕಟ್ಟಿಹೋಗುವುದು. ಮಲದ ಜೊತೆ ರಕ್ತ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು. ಗರ್ಭಿಣಿಯಾಗಿದ್ದರೆ ನೀರು ಹೋಗುವುದು ಅಥವಾ ಮಗುವಿನ ಓಡಾಟ ಕಡಿಮೆಯಾಗುವುದು.

ಇವು ಕಣ್ಣಿಗೆ ಕಾಣುತ್ತವೆ, ಮನೆಯವರೂ ಗಾಬರಿಯಾಗಿ ಕರೆದುಕೊಂಡು ಬರುತ್ತಾರೆ. ಕಾಣದೇ ಉಳಿಯುವುದು ಕುತ್ತಿಗೆ. ಕುತ್ತಿಗೆ ಹಿಸುಕಿದ್ದನ್ನು ಹೆಂಗಸರು ತಾವಾಗಿ ಹೇಳುವುದು ತೀರಾ ಅಪರೂಪ. ಕೇಳಿದರೆ "ಸ್ವಲ್ಪ ಒತ್ತಿ ಹಿಡಿದಿದ್ದ, ಅಷ್ಟೇ" ಅನ್ನುತ್ತಾರೆ. ಎಷ್ಟೋ ಸಲ ಹೊರಗೆ ಒಂದು ಗೀರೂ ಇರುವುದಿಲ್ಲ. ಒಳಗೆ ಮಾತ್ರ ಗಂಟಲಿನ ಭಾಗ ಊದಿಕೊಳ್ಳುತ್ತಾ ಇರಬಹುದು, ಮೆದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದಿರಬಹುದು. ಅದರ ಪರಿಣಾಮ ಆ ರಾತ್ರಿಯೇ ಕಾಣಬೇಕೆಂದಿಲ್ಲ, ಒಂದೆರಡು ದಿನ ಬಿಟ್ಟು ಉಸಿರು ಕಟ್ಟಬಹುದು, ಲಕ್ವ ಹೊಡೆಯಬಹುದು. ಹಾಗಾಗಿ ಜೊತೆಗಿರುವವರು ಬಾಯಿಬಿಟ್ಟು ಕೇಳಿ: ಕುತ್ತಿಗೆಗೆ ಕೈ ಹಾಕಿದ್ದನಾ, ವೇಲ್ ಸುತ್ತಿ ಎಳೆದಿದ್ದನಾ, ಉಸಿರು ಕಟ್ಟಿತ್ತಾ, ಆ ಹೊತ್ತಿನಲ್ಲಿ ಗೊತ್ತಿಲ್ಲದೆ ಮೂತ್ರ ಹೋಗಿತ್ತಾ? ದನಿ ಒಡೆದಿದೆಯಾ, ಎಂಜಲು ನುಂಗಿದರೆ ನೋಯುತ್ತದಾ, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ ಇದೆಯಾ ನೋಡಿ. ಇದರಲ್ಲಿ ಒಂದಿದ್ದರೂ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ಅದೇ. ಅವರು ಕೇಳಲಿ ಎಂದು ಕಾಯಬೇಡಿ.

ಹೊರಡುವ ಮುಂಚೆ

ಸ್ನಾನ ಮಾಡಬೇಡಿ, ಬಟ್ಟೆ ಒಗೆಯಬೇಡಿ, ಬಾಯಿ ಮುಕ್ಕಳಿಸಬೇಡಿ ಎಂದು ಎಲ್ಲರೂ ಹೇಳುತ್ತಾರೆ. ಸಾಕ್ಷ್ಯದ ದೃಷ್ಟಿಯಿಂದ ಅದು ಸರಿ. ಆದರೆ ಅದನ್ನೇ ಹತ್ತು ಸಲ ಹೇಳಿದ್ದರ ಫಲ ಏನೆಂದರೆ, ಸ್ನಾನ ಮಾಡಿಬಿಟ್ಟವರು "ಇನ್ನು ಹೋಗಿ ಏನು ಪ್ರಯೋಜನ" ಎಂದು ಮನೆಯಲ್ಲೇ ಕೂತುಬಿಡುತ್ತಾರೆ. ಮೈ ತೊಳೆದುಕೊಳ್ಳಬೇಕು ಅನ್ನಿಸುವುದು ಸಹಜ. ನಾನು ನೋಡಿದ ಹೆಚ್ಚಿನವರು ಬರುವ ಮೊದಲೇ ತೊಳೆದುಕೊಂಡಿರುತ್ತಿದ್ದರು. ಮಾತ್ರೆ ಇಂಜೆಕ್ಷನ್‌ಗಳಿಗೂ ಸ್ನಾನಕ್ಕೂ ಏನೇನೂ ಸಂಬಂಧವಿಲ್ಲ. ಸಾಕ್ಷ್ಯ ಕೂಡ ಪೂರ್ತಿ ಹೋಗಿರುವುದಿಲ್ಲ, ಬಟ್ಟೆಯಲ್ಲಿ, ಉಗುರಲ್ಲಿ, ಒಳಭಾಗದಲ್ಲಿ ಸಿಗಬಹುದು. ಹೊರಡಿ.

ಆಗ ಹಾಕಿಕೊಂಡಿದ್ದ ಬಟ್ಟೆ, ಒಳಉಡುಪು, ಪ್ಯಾಡ್ ಇದ್ದರೆ ಪ್ಯಾಡ್, ಎಲ್ಲವನ್ನೂ ಪೇಪರಿನಲ್ಲಿ ಸುತ್ತಿ. ಪೇಪರ್ ಕವರ್ ಇಲ್ಲದಿದ್ದರೆ ಹಳೆಯ ನ್ಯೂಸ್ ಪೇಪರ್ ಆದೀತು, ಒಂದೊಂದು ಬಟ್ಟೆಗೆ ಒಂದೊಂದು ಪೊಟ್ಟಣ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದರೆ ಬೆವತು ಬೂಸ್ಟು ಹಿಡಿದು ಸಾಕ್ಷ್ಯ ಹಾಳಾಗುತ್ತದೆ. ಬದಲಾಯಿಸಿಕೊಳ್ಳಲು ಒಂದು ಜೊತೆ ಬಟ್ಟೆ, ಚಪ್ಪಲಿ ಸಮೇತ, ತೆಗೆದುಕೊಂಡು ಹೋಗಿ. ಆಸ್ಪತ್ರೆಯಲ್ಲಿ ಬಟ್ಟೆ ಇಟ್ಟುಕೊಂಡರೆ ವಾಪಸ್ ಬರುವಾಗ ಹಾಕಿಕೊಳ್ಳಲು ಏನೂ ಇರುವುದಿಲ್ಲ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಕುಡಿಯಲು ಕೊಟ್ಟ ಜ್ಯೂಸಿನಲ್ಲಿ ಏನೋ ಬೆರೆಸಿದ್ದರು ಎಂಬ ಅನುಮಾನ ಇದ್ದರೆ ಮೊದಲ ಮೂತ್ರ ಬಹಳ ಮುಖ್ಯ. ಆಸ್ಪತ್ರೆ ತಲುಪುವವರೆಗೆ ತಡೆಯಲಾಗದಿದ್ದರೆ ತೊಳೆದು ಒರೆಸಿದ ಬಾಟಲಿಯಲ್ಲಿ ಹಿಡಿದು ಮುಚ್ಚಳ ಹಾಕಿ ಒಯ್ಯಿರಿ.

ಈಗಾಗಲೇ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಸ್ಟ್ರಿಪ್ಪನ್ನೂ ಬ್ಯಾಗಿಗೆ ಹಾಕಿ. ಫಿಟ್ಸ್ ಮಾತ್ರೆ, ಟಿಬಿ ಮಾತ್ರೆಗಳಲ್ಲಿ ಕೆಲವು ಗರ್ಭ ತಡೆಯುವ ಮಾತ್ರೆಯ ಬಲವನ್ನೂ ಎಚ್‌ಐವಿ ತಡೆಯುವ ಮಾತ್ರೆಯ ಬಲವನ್ನೂ ಕುಗ್ಗಿಸುತ್ತವೆ. ಗೊತ್ತಾದರೆ ಡಾಕ್ಟರು ಡೋಸ್ ಬದಲಿಸುತ್ತಾರೆ.

ಯಾವ ಆಸ್ಪತ್ರೆ, ಬಾಗಿಲಲ್ಲಿ ಏನು ಹೇಳುವುದು

ತಾಲ್ಲೂಕು ಆಸ್ಪತ್ರೆ, ಜಿಲ್ಲಾ ಆಸ್ಪತ್ರೆ, ಮೆಡಿಕಲ್ ಕಾಲೇಜು ಆಸ್ಪತ್ರೆ ಈ ಮೂರರಲ್ಲಿ ಹತ್ತಿರದ್ದು ಯಾವುದೋ ಅಲ್ಲಿಗೆ ಹೋಗಿ. ಮೈಸೂರಿನ ಚೆಲುವಾಂಬ, ಬೆಂಗಳೂರಿನ ವಾಣಿ ವಿಲಾಸ, ಮಂಗಳೂರಿನ ಲೇಡಿಗೋಷನ್ ಥರದ ಹೆರಿಗೆ ಆಸ್ಪತ್ರೆ ಇರುವ ಊರಿನವರಿಗೆ ಲೇಡಿ ಡಾಕ್ಟರ್ ಸಿಗುವುದು ಸುಲಭ. ಹಳ್ಳಿಯ ಪಿಎಚ್‌ಸಿಯಲ್ಲಿ ಎಲ್ಲವೂ ಇರುವುದಿಲ್ಲ, ಆದರೂ ರಕ್ತ ಹೋಗುತ್ತಿದ್ದರೆ ಅಲ್ಲಿ ಡ್ರಿಪ್ ಹಾಕಿಸಿಕೊಂಡು 108ರಲ್ಲಿ ಮುಂದೆ ಹೋಗಬಹುದು. ಖಾಸಗಿ ಆಸ್ಪತ್ರೆಯೂ ಆಗುತ್ತದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮಿನ ಪ್ರಕಾರ ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಇರಲಿ ಖಾಸಗಿ ಇರಲಿ, ಎಲ್ಲ ಆಸ್ಪತ್ರೆಗಳೂ ಕೂಡಲೇ ಪುಕ್ಕಟೆ ಚಿಕಿತ್ಸೆ ಕೊಡಬೇಕು. ಅಡ್ವಾನ್ಸ್ ಕಟ್ಟಿ ಅನ್ನುವಂತಿಲ್ಲ. ಕೊಡದೆ ವಾಪಸ್ ಕಳಿಸಿದರೆ ಭಾರತೀಯ ನ್ಯಾಯ ಸಂಹಿತೆಯ 200ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2013ರಿಂದಲೇ ಹಳೆಯ ಕಾನೂನಿನಲ್ಲಿ ಇದ್ದದ್ದು, 2024ರ ಜುಲೈನಲ್ಲಿ ಹೊಸ ಸಂಹಿತೆ ಬಂದಾಗ ನಂಬರ್ ಬದಲಾಗಿದೆ.

ಕ್ಯಾಶುವಾಲ್ಟಿಯ ಕೌಂಟರಿನಲ್ಲಿ ಚೀಟಿ ಮಾಡಿಸುವಾಗ "ಏನು ತೊಂದರೆ?" ಎಂದು ಗಟ್ಟಿಯಾಗಿ ಕೇಳುತ್ತಾರೆ. ಹಿಂದೆ ಹತ್ತು ಜನ ನಿಂತಿರುತ್ತಾರೆ. ಅಲ್ಲಿ ಕತೆ ಹೇಳಬೇಕಾಗಿಲ್ಲ. "ಎಂಎಲ್‌ಸಿ ಇದೆ, ಲೇಡಿ ಡಾಕ್ಟರ್ ಬೇಕು, ಒಳಗೆ ಹೇಳ್ತೀವಿ" ಅಂದರೆ ಸಾಕು. ಎಂಎಲ್‌ಸಿ ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು, ಮೆಡಿಕೋ ಲೀಗಲ್ ಕೇಸ್. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಯಾರಿಗಾದರೂ ಅಷ್ಟರಲ್ಲೇ ಅರ್ಥವಾಗುತ್ತದೆ. ಕೂರಿಸುವುದು ಬೆಂಚಿನ ಮೇಲಾದರೆ ಸಿಸ್ಟರನ್ನು ಕರೆದು ಬಾಗಿಲಿರುವ ಕೋಣೆ ಕೇಳಿ.

"ಮೊದಲು ಸ್ಟೇಷನ್‌ಗೆ ಹೋಗಿ ಚೀಟಿ ತನ್ನಿ" ಎಂದು ಯಾರಾದರೂ ಅಂದರೆ, ಅದು ಬೇಕಾಗಿಲ್ಲ. ಪೊಲೀಸ್ ಚೀಟಿ, ಎಫ್‌ಐಆರ್, ಕೋರ್ಟ್ ಆದೇಶ ಯಾವುದೂ ಇಲ್ಲದೆ ನೇರವಾಗಿ ಬಂದವರನ್ನು ನೋಡಬೇಕು, ಪರೀಕ್ಷೆ ಮಾಡಬೇಕು ಎಂದು ಕೇಂದ್ರ ಆರೋಗ್ಯ ಇಲಾಖೆಯ 2014ರ ಮಾರ್ಗಸೂಚಿಯಲ್ಲೇ ಇದೆ. ಜಗಳ ಆಡಬೇಡಿ, ಆಡಿ ಹೊತ್ತು ಕಳೆಯಬೇಡಿ. ಆರ್‌ಎಂಓ (ಆಸ್ಪತ್ರೆಯ ಉಸ್ತುವಾರಿ ಡಾಕ್ಟರು) ಯಾರು ಎಂದು ಕೇಳಿ, ಇಲ್ಲದಿದ್ದರೆ ಅಲ್ಲೇ ನಿಂತು 181ಕ್ಕೆ ಫೋನ್ ಮಾಡಿ. ಅದು ಮಹಿಳಾ ಸಹಾಯವಾಣಿ, ಅಲ್ಲಿಂದ ಜಿಲ್ಲೆಯ ಸಖಿ ಕೇಂದ್ರಕ್ಕೆ (ದೌರ್ಜನ್ಯಕ್ಕೆ ಒಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರಿ ಕೇಂದ್ರ) ತಿಳಿಸುತ್ತಾರೆ. ಸಖಿ ಕೇಂದ್ರದಿಂದ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ನಿಂತರೆ ಕೌಂಟರಿನ ದನಿಯೇ ಬದಲಾಗುವುದನ್ನು ನಾನು ನೋಡಿದ್ದೇನೆ.

ಪೊಲೀಸರ ವಿಷಯ

ಜನ ಆಸ್ಪತ್ರೆಗೆ ಬರಲು ಹೆದರುವುದೇ ಇದಕ್ಕೆ, ಆದ್ದರಿಂದ ಮುಚ್ಚುಮರೆ ಮಾಡದೆ ಹೇಳುತ್ತೇನೆ. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೇಬೇಕು, ಅದು ಕಾನೂನು. ತಿಳಿಸುವುದು ಬೇರೆ, ನೀವು ದೂರು ಕೊಡುವುದು ಬೇರೆ. ಹದಿನೆಂಟು ದಾಟಿದವರಾದರೆ "ನನಗೆ ಈಗ ದೂರು ಬೇಡ, ಚಿಕಿತ್ಸೆ ಮಾತ್ರ ಸಾಕು" ಅನ್ನಬಹುದು. ಡಾಕ್ಟರು ಅದನ್ನು ಎಂಎಲ್‌ಸಿ ಪುಸ್ತಕದಲ್ಲಿ ಬರೆದು ನಿಮ್ಮ ಸಹಿ ತೆಗೆದುಕೊಳ್ಳುತ್ತಾರೆ. ಸಹಿ ಹಾಕಿದ ಮೇಲೂ ಮಾತ್ರೆ, ಇಂಜೆಕ್ಷನ್, ಹೊಲಿಗೆ ಯಾವುದನ್ನೂ ಕಡಿಮೆ ಮಾಡುವಂತಿಲ್ಲ.

ಒಪ್ಪಿಗೆಯನ್ನು ಮೂರಾಗಿ ಕೇಳುತ್ತಾರೆ: ಚಿಕಿತ್ಸೆಗೆ, ಪರೀಕ್ಷೆಗೆ, ಸಾಕ್ಷ್ಯ ತೆಗೆಯುವುದಕ್ಕೆ. ಮೂರಕ್ಕೂ ಹೂಂ ಅನ್ನಬಹುದು, ಒಂದಕ್ಕೆ ಮಾತ್ರ ಅನ್ನಬಹುದು. ಹನ್ನೆರಡು ವರ್ಷ ತುಂಬಿದವರು ತಾವೇ ಒಪ್ಪಿಗೆ ಕೊಡಬಹುದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ದೂರು ಕೊಡುವ ಮನಸ್ಸು ಇಲ್ಲದಿದ್ದರೂ ಸ್ವಾಬ್ ತೆಗೆಸಿಕೊಂಡುಬಿಡಿ. ಮನಸ್ಸು ಆರು ತಿಂಗಳ ಮೇಲೆ ಬದಲಾಗಬಹುದು, ಸ್ವಾಬನ್ನು ಆರು ತಿಂಗಳ ಮೇಲೆ ತೆಗೆಯಲು ಬರುವುದಿಲ್ಲ. ಆದರೆ ಬೇಡ ಅನ್ನುವವರನ್ನು ಒತ್ತಾಯಿಸುವ ಹಕ್ಕು ತಾಯಿಗೂ ಇಲ್ಲ, ಡಾಕ್ಟರಿಗೂ ಇಲ್ಲ.

ಪರೀಕ್ಷೆಯ ಕೋಣೆಯಲ್ಲಿ

ಒಳಗೆ ಏನು ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಲೇಡಿ ಡಾಕ್ಟರ್ ಇದ್ದರೆ ಅವರು ನೋಡುತ್ತಾರೆ, ಇಲ್ಲದಿದ್ದರೆ ಇನ್ನೊಬ್ಬ ಹೆಂಗಸಿನ ಎದುರಿನಲ್ಲೇ ಗಂಡು ಡಾಕ್ಟರು ನೋಡಬೇಕು. ಪೊಲೀಸರು, ಹೆಣ್ಣು ಪೊಲೀಸರೂ ಸೇರಿ, ಒಳಗೆ ಇರುವಂತಿಲ್ಲ. ನಿಮಗೆ ಬೇಕಾದವರು ಒಬ್ಬರು ಇರಬಹುದು.

ಮೊದಲು ಏನಾಯಿತು ಎಂದು ಕೇಳುತ್ತಾರೆ. ಎಲ್ಲೆಲ್ಲಿ ಮುಟ್ಟಿದ, ಕಚ್ಚಿದನಾ, ಕಾಂಡೋಮ್ ಇತ್ತಾ, ಹಿಂದಿನಿಂದಲೂ ಆಯಿತಾ, ಬಾಯಿಗೂ ಆಯಿತಾ. ಕೇಳಲು ಮುಜುಗರ, ಹೇಳಲು ಅದಕ್ಕಿಂತ ಮುಜುಗರ. ಆದರೆ ಅವು ಕೆದಕುವ ಪ್ರಶ್ನೆಗಳಲ್ಲ, ಎಲ್ಲಿ ಗಾಯ ನೋಡಬೇಕು, ಎಲ್ಲಿಂದ ಸ್ವಾಬ್ ತೆಗೆಯಬೇಕು ಎಂದು ನಿರ್ಧರಿಸುವುದು ಅವುಗಳಿಂದಲೇ. ಆಮೇಲೆ ನೆಲದ ಮೇಲೆ ದೊಡ್ಡ ಬಿಳಿ ಹಾಳೆ ಹಾಸಿ ಅದರ ಮೇಲೆ ನಿಂತು ಬಟ್ಟೆ ಬದಲಿಸಲು ಹೇಳುತ್ತಾರೆ. ಉದುರುವ ಮಣ್ಣು, ಹುಲ್ಲುಕಡ್ಡಿ, ಕೂದಲು ಹಾಳೆಯಲ್ಲೇ ಉಳಿಯಲಿ ಎಂದು. ಅದನ್ನು ಮಡಚಿ ಕವರಿಗೆ ಹಾಕುತ್ತಾರೆ. ತಲೆಯಿಂದ ಕಾಲಿನವರೆಗೆ ಗಾಯ ನೋಡಿ, ಮನುಷ್ಯನ ಚಿತ್ರವಿರುವ ಫಾರಂನಲ್ಲಿ ಗುರುತು ಹಾಕುತ್ತಾರೆ. ಉಗುರಿನ ಸಂದಿಯದ್ದು ಕೆರೆದು ತೆಗೆಯುತ್ತಾರೆ. ಹತ್ತಿಯ ಕಡ್ಡಿಯಿಂದ ಸ್ವಾಬ್ ತೆಗೆದು, ನೆರಳಲ್ಲಿ ಒಣಗಿಸಿ, ಕವರಿಗೆ ಹಾಕಿ, ಮೇಲೆ ಅರಗು ಕರಗಿಸಿ ಸೀಲು ಒತ್ತುತ್ತಾರೆ. ಒಣಗುವವರೆಗೆ ಕಾಯಬೇಕಾದ್ದರಿಂದ ಹೊತ್ತಾಗುತ್ತದೆ. ಡಾಕ್ಟರು ಸುಮ್ಮನೆ ಕೂರಿಸಿದ್ದಾರೆ ಎಂದುಕೊಳ್ಳಬೇಡಿ. ಜೊತೆಗಿರುವವರು ಈ ಸಮಯದಲ್ಲಿ ಕ್ಯಾಂಟೀನಿಂದ ಏನಾದರೂ ತಿನ್ನಲು ತಂದಿಡಿ, ಮುಂದೆ ಮಾತ್ರೆ ನುಂಗುವುದಿದೆ. ಬಾಯಿಯ ಸ್ವಾಬ್ ತೆಗೆಯುವುದಿದ್ದರೆ ಅದು ಮುಗಿದ ಮೇಲೆ ತಿನ್ನಿಸಿ.

ಒಳಪರೀಕ್ಷೆ ಎಲ್ಲರಿಗೂ ಬೇಕಿಲ್ಲ. ರಕ್ತ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕಾದಾಗ ಸ್ಪೆಕುಲಂ (ಒಳಭಾಗ ಕಾಣುವಂತೆ ಅಗಲಿಸುವ ಉಪಕರಣ) ಹಾಕಬಹುದು, ಹಾಕುವ ಮೊದಲು ಹೇಳಬೇಕು. ನೋವಾದರೆ "ನಿಲ್ಲಿಸಿ ಡಾಕ್ಟ್ರೇ" ಅನ್ನಿ, ನಿಲ್ಲಿಸಲೇಬೇಕು. ಎರಡು ಬೆರಳು ಹಾಕಿ ಸಡಿಲವಿದೆಯಾ ಬಿಗಿಯಿದೆಯಾ ಎಂದು ನೋಡುತ್ತಿದ್ದ ಹಳೆಯ ಕೆಟ್ಟ ಪದ್ಧತಿ ಈಗ ನಿಷಿದ್ಧ. 2013ರಲ್ಲೇ ಸುಪ್ರೀಂ ಕೋರ್ಟ್ ಅದು ತಪ್ಪು ಎಂದಿತ್ತು. 2022ರ ಅಕ್ಟೋಬರಿನಲ್ಲಿ, ಇನ್ನು ಮಾಡಿದವರನ್ನು ದುರ್ನಡತೆಯ ತಪ್ಪಿತಸ್ಥರೆಂದು ಪರಿಗಣಿಸಬೇಕು ಎಂದು ಹೇಳಿತು. ಮದುವೆಯಾಗಿದೆಯಾ, ಮೊದಲು ಯಾರ ಜೊತೆಗಾದರೂ ಇತ್ತಾ ಎಂದು ಬರೆದುಕೊಳ್ಳುವುದಕ್ಕೂ ಈ ಪರೀಕ್ಷೆಗೂ ಸಂಬಂಧವಿಲ್ಲ. ಗಾಯವೇ ಕಾಣದಿದ್ದರೆ "ಹಾಗಾದರೆ ಏನೂ ಆಗಿಲ್ಲ" ಎಂದು ಮನೆಯವರು ಅರ್ಥ ಮಾಡಿಕೊಳ್ಳುತ್ತಾರೆ. ಹೆದರಿಕೆಯಿಂದ ಮೈ ಮರಗಟ್ಟಿದವರಿಗೆ, ಈಗಾಗಲೇ ಹೆರಿಗೆಯಾದವರಿಗೆ ಗಾಯ ಇಲ್ಲದಿರುವುದೇ ಹೆಚ್ಚು.

ವಾಪಸ್ ಬರುವ ಮೊದಲು ಎಂಎಲ್‌ಸಿ ನಂಬರ್ ಬರೆದುಕೊಳ್ಳಿ, ರಿಪೋರ್ಟಿನ ಒಂದು ಪ್ರತಿ ಕೇಳಿ. ಅದನ್ನು ದುಡ್ಡಿಲ್ಲದೆ ಕೊಡಬೇಕು.

ಮಾತ್ರೆಗಳು

ಒಂದೇ ಸಲಕ್ಕೆ ಒಂದು ಮುಷ್ಟಿ ಮಾತ್ರೆ ಕೈಗೆ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ, ಅದೂ ಆ ಸ್ಥಿತಿಯಲ್ಲಿ, ಅಷ್ಟನ್ನೂ ನುಂಗಿದರೆ ವಾಂತಿ ಗ್ಯಾರಂಟಿ. ಎರಡು ಇಡ್ಲಿಯೋ ನಾಲ್ಕು ಬಿಸ್ಕತ್ತೋ ತಿನ್ನಿ. ವಾಂತಿ ತಡೆಯುವ ಮಾತ್ರೆ ಕೇಳಿ ಪಡೆಯಿರಿ, ಕೇಳದಿದ್ದರೆ ಕೊಡುವುದು ಮರೆತುಹೋಗುತ್ತದೆ.

ಗರ್ಭ ತಡೆಯುವುದು ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ, ಒಂದೇ ಮಾತ್ರೆ. ಐ-ಪಿಲ್, ಅನ್‌ವಾಂಟೆಡ್-72 ಎಂದು ಮೆಡಿಕಲ್ ಶಾಪಿನಲ್ಲಿ ಸಿಗುವುದೂ ಇದೇ, ಚೀಟಿ ಬೇಕಿಲ್ಲ. ಆಸ್ಪತ್ರೆ ದೂರವಿದ್ದರೆ ದಾರಿಯಲ್ಲೇ ಕೊಂಡು ನುಂಗಿಬಿಡಿ, ಹೋದ ಮೇಲೆ ನುಂಗಿದ ಸಮಯ ಹೇಳಿ. ಬಾಯಿಗೂ ಆಗಿದ್ದರೆ ಮಾತ್ರ ನುಂಗುವ ಮೊದಲು 181ಕ್ಕೋ ಆಸ್ಪತ್ರೆಗೋ ಫೋನ್ ಮಾಡಿ ಕೇಳಿ, ಬಾಯಿಯ ಸ್ವಾಬ್ ಹಾಳಾಗಬಾರದು. ಎರಡು ಮೂರು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ತೆಗೆದುಕೊಳ್ಳಬೇಕು. ಮುಟ್ಟು ಕೆಲವು ದಿನ ಹಿಂದೆ ಮುಂದೆ ಆಗಬಹುದು. ಮೂರು ದಿನ ದಾಟಿ ಐದು ದಿನದೊಳಗೆ ಬಂದವರಿಗೆ ಕಾಪರ್-ಟಿ ಹಾಕುವುದು ಮಾತ್ರೆಗಿಂತ ಖಾತ್ರಿ, ಆದರೆ ಆ ನೋವಿನಲ್ಲಿ ಅದನ್ನು ಹಾಕಿಸಿಕೊಳ್ಳಲು ಎಲ್ಲರಿಗೂ ಆಗುವುದಿಲ್ಲ, ಡಾಕ್ಟರ ಜೊತೆ ಮಾತಾಡಿ.

ಎಚ್‌ಐವಿ ತಡೆಯುವ ಮಾತ್ರೆಗೆ ಆಸ್ಪತ್ರೆಯಲ್ಲಿ ಪೆಪ್ ಅನ್ನುತ್ತಾರೆ. ದಿನಕ್ಕೆ ಒಂದು, 28 ದಿನ. ಒಳಗೆ ಮೂರು ಔಷಧಿ ಒಟ್ಟಿಗೆ ಇರುತ್ತದೆ: ಟೆನೊಫೊವಿರ್, ಲಾಮಿವುಡಿನ್, ಡೊಲುಟೆಗ್ರಾವಿರ್. ಮೊದಲ ಮಾತ್ರೆ ಕ್ಯಾಶುವಾಲ್ಟಿಯಲ್ಲೇ ಕೊಡಬೇಕು, ರಕ್ತದ ರಿಪೋರ್ಟ್ ಬರಲಿ ಎಂದು ಕಾಯುವ ಹಾಗಿಲ್ಲ. ರಾತ್ರಿ ಹೊತ್ತು "ಎಆರ್‌ಟಿ ಸೆಂಟರ್ ಬೆಳಿಗ್ಗೆ ತೆರೆಯುತ್ತೆ, ಆಗ ಬನ್ನಿ" ಎಂಬ ಮಾತು ಬಂದರೆ ಒಪ್ಪಬೇಡಿ (ಎಆರ್‌ಟಿ ಸೆಂಟರ್ ಅಂದರೆ ಎಚ್‌ಐವಿ ಔಷಧಿ ಕೊಡುವ ಕೇಂದ್ರ). ತುರ್ತಿಗೆ ಇಟ್ಟಿರುವ ಪೆಪ್ ಮಾತ್ರೆ ಎಲ್ಲಿದೆ ಎಂದು ಡ್ಯೂಟಿ ಡಾಕ್ಟರನ್ನು ಕೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡಿಲ್ಲ. ಕಿಡ್ನಿ ತೊಂದರೆ ಇದ್ದರೆ ಮೊದಲೇ ಹೇಳಿ. ರಕ್ತಹೀನತೆಗೆ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ, ಗ್ಯಾಸ್ಟ್ರಿಕ್‌ಗೆಂದು ಕುಡಿಯುವ ಆಂಟಾಸಿಡ್ ಇವನ್ನು ಪೆಪ್ ಜೊತೆ ಹೇಗೆಂದರೆ ಹಾಗೆ ಸೇರಿಸಬಾರದು, ಎಷ್ಟು ಅಂತರ ಬಿಡಬೇಕೆಂದು ಬರೆಸಿಕೊಳ್ಳಿ.

ಈ ಕೋರ್ಸನ್ನು ಜನ ಅರ್ಧಕ್ಕೆ ಬಿಡುತ್ತಾರೆ. ಒಂದು ಕಾರಣ ವಾಕರಿಕೆ, ತಲೆನೋವು, ನಿದ್ದೆ ಬಾರದಿರುವುದು. ಇನ್ನೊಂದು, ದೊಡ್ಡ ಕಾರಣ, ಡಬ್ಬಿ. ಡಬ್ಬಿಯ ಮೇಲೆ ಔಷಧಿಯ ಹೆಸರಿರುತ್ತದೆ, ಅತ್ತೆಯೋ ಹಾಸ್ಟೆಲ್ ರೂಮಿನವರೋ ಗೂಗಲ್ ಮಾಡಿದರೆ ಎಚ್‌ಐವಿ ಎಂದು ಬರುತ್ತದೆ. ಇದಕ್ಕೆ ಹೆದರಿ ಮಾತ್ರೆಯನ್ನೇ ಎಸೆಯಬೇಡಿ. ಒಂದು ವಾರಕ್ಕೆ ಬೇಕಾದಷ್ಟನ್ನು ಒಣಗಿದ ಪುಟ್ಟ ಡಬ್ಬಿಗೆ ಹಾಕಿಕೊಂಡು, ಉಳಿದದ್ದನ್ನು ನಂಬಿಕಸ್ಥರ ಬಳಿ ಇಡಿ. ರಾತ್ರಿ ಊಟವಾದ ಮೇಲೆ ಒಂದೇ ಹೊತ್ತಿಗೆ ನುಂಗಿ. ವಾಂತಿ ತಡೆಯಲಾಗದಿದ್ದರೆ ಬಿಡುವ ಬದಲು ಐಸಿಟಿಸಿ (ಎಚ್‌ಐವಿ ಪರೀಕ್ಷೆ, ಸಲಹೆ ಕೇಂದ್ರ) ಕೌನ್ಸೆಲರ್ ಹತ್ತಿರ ಹೋಗಿ, ದಾರಿ ಇದೆ.

ಸಿಫಿಲಿಸ್, ಗೊನೊರಿಯಾದಂಥ ಲೈಂಗಿಕ ರೋಗಗಳಿಗೆ ಆಂಟಿಬಯೋಟಿಕ್ ಕೊಡುತ್ತಾರೆ. ಗಾಯಕ್ಕೆ ಮಣ್ಣು, ತುಕ್ಕು ತಾಗಿದ್ದರೆ ಧನುರ್ವಾಯು ಇಂಜೆಕ್ಷನ್. ಹೆಪಟೈಟಿಸ್ ಬಿ ಲಸಿಕೆಯನ್ನು ಕೇಳಿ ಹಾಕಿಸಿಕೊಳ್ಳಿ. ಈಗಿನ ಮಕ್ಕಳಿಗೆ ಪೆಂಟಾವಲೆಂಟ್ ಲಸಿಕೆಯಲ್ಲೇ ಬಂದಿರುತ್ತದೆ, ದೊಡ್ಡವರಲ್ಲಿ ಬಹಳ ಮಂದಿಗೆ ಆಗಿರುವುದಿಲ್ಲ. ಮೂರು ಡೋಸು: ಅಂದು ಒಂದು, ತಿಂಗಳಿಗೆ ಒಂದು, ಆರನೇ ತಿಂಗಳಿಗೆ ಒಂದು.

ಆಮೇಲಿನ ವಾರಗಳು

ಮೂರು ದಿನ ಬಿಟ್ಟು ಒಮ್ಮೆ ಗಾಯ ತೋರಿಸಿ. ಪೆಟ್ಟಿನ ಕಲೆ ಮೊದಲ ದಿನಕ್ಕಿಂತ ಎರಡನೇ ಮೂರನೇ ದಿನಕ್ಕೆ ಎದ್ದು ಕಾಣುತ್ತದೆ, ಅದನ್ನೂ ದಾಖಲು ಮಾಡಿಸಬಹುದು. ಜ್ವರ, ಕಿಬ್ಬೊಟ್ಟೆ ನೋವು, ವಾಸನೆಯ ಬಿಳಿಸೆರಗು, ಉರಿಮೂತ್ರ ಶುರುವಾದರೆ ದಿನ ನೋಡದೆ ಹೋಗಿ. ಮಲ ಮಾಡುವಾಗ ನೋವಿದ್ದರೆ ನಾಚಿಕೆಪಟ್ಟು ಊಟ ಬಿಡಬೇಡಿ, ಮಲ ಮೆದುವಾಗುವ ಔಷಧಿ ಕೊಡುತ್ತಾರೆ.

ಎಚ್‌ಐವಿ ರಕ್ತಪರೀಕ್ಷೆ ಮೊದಲ ದಿನ, ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ. ಅಲ್ಲಿಯವರೆಗೆ ಗಂಡನ ಜೊತೆ ಕಾಂಡೋಮ್ ಬಳಸಿ, ರಕ್ತದಾನ ಬೇಡ.

ಮುಟ್ಟು ಒಂದು ವಾರ ತಡವಾದರೆ, ಅಥವಾ ಘಟನೆಯಾಗಿ ಮೂರು ವಾರ ಕಳೆದರೆ, ಮೂತ್ರದ ಕಾರ್ಡ್ ಟೆಸ್ಟ್ ಮಾಡಿ. ಗರ್ಭ ನಿಂತಿದ್ದರೆ ನಾಟಿ ಔಷಧಿಗೆ, ಮೆಡಿಕಲ್ ಶಾಪಿನವನು ಗುಟ್ಟಾಗಿ ಕೊಡುವ ಕಿಟ್ಟಿಗೆ ಕೈಹಾಕಬೇಡಿ. ಹಾಗೆ ಮಾಡಿ ರಕ್ತ ನಿಲ್ಲದೆ ಬಂದವರನ್ನು ಹೆರಿಗೆ ವಾರ್ಡಿನಲ್ಲಿ ನೋಡಿ ನನಗೆ ಸಾಕಾಗಿದೆ. 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯದ ಮೇಲೆ, ಅತ್ಯಾಚಾರಕ್ಕೆ ಒಳಗಾದವರಿಗೆ 24 ವಾರದವರೆಗೆ ಇಬ್ಬರು ಡಾಕ್ಟರ ಅಭಿಪ್ರಾಯದ ಮೇಲೆ ಗರ್ಭಪಾತ ಮಾಡಿಸಿಕೊಳ್ಳಬಹುದು, 2021ರ ತಿದ್ದುಪಡಿಯಲ್ಲಿ ಇದು ಬಂದಿದೆ. ಹದಿನೆಂಟು ತುಂಬಿದವಳಿಗೆ ತನ್ನ ಒಪ್ಪಿಗೆಯೇ ಸಾಕು, ಗಂಡನ ಸಹಿ ಬೇಡ. ಕೇಸು ನಡೆಯುತ್ತಿದ್ದರೆ ಮೊದಲೇ ಹೇಳಿ, ಡಿಎನ್‌ಎ ಪರೀಕ್ಷೆಗೆ ಗರ್ಭದ ಅಂಶವನ್ನು ತೆಗೆದಿಡಬೇಕಾಗುತ್ತದೆ.

ನಿದ್ದೆ ಬರುವುದಿಲ್ಲ, ಅನ್ನ ಸೇರುವುದಿಲ್ಲ, ಮೈಯೆಲ್ಲ ನೋವು, ಯಾರಾದರೂ ಹಿಂದಿನಿಂದ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಇದನ್ನು ನಾಟಕ ಎಂದೋ ಗಾಳಿ ಎಂದೋ ಅಂತ್ರ ಕಟ್ಟಿಸಲು ಓಡಬೇಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ, ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಕ್ಕಳು, ಗಂಡಸರು, ಹೆಂಡತಿಯರು

ಹದಿನೆಂಟರ ಒಳಗಿನವರಾದರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ) ಬರುತ್ತದೆ, ತಿಳಿದವರು ಪೊಲೀಸರಿಗೆ ಹೇಳಲೇಬೇಕು, ಇಲ್ಲಿ ಆಯ್ಕೆ ಇಲ್ಲ. ಹೆಣ್ಣುಮಗುವನ್ನು ಲೇಡಿ ಡಾಕ್ಟರೇ ನೋಡಬೇಕು, ಮಗು ನಂಬುವವರು ಪಕ್ಕದಲ್ಲಿರಬೇಕು. ಪುಟ್ಟ ಮಗು "ಉಚ್ಚೆ ಮಾಡಿದರೆ ಉರಿ" ಎಂದಷ್ಟೇ ಹೇಳಬಹುದು. ಮನೆಯವರೆಲ್ಲ ಸಾಲಾಗಿ ಕೂತು ಒಬ್ಬೊಬ್ಬರೂ ಕೇಳಬೇಡಿ. ಒಂದು ಸಲ ಹೇಳಿದ್ದನ್ನು ಮಗುವಿನ ಮಾತಿನಲ್ಲೇ ಚೀಟಿಯಲ್ಲಿ ಬರೆದುಕೊಂಡು ಡಾಕ್ಟರಿಗೆ ಕೊಡಿ. 1098 ಮಕ್ಕಳ ಸಹಾಯವಾಣಿ.

ಹುಡುಗರಿಗೂ, ಗಂಡಸರಿಗೂ, ಲಿಂಗತ್ವ ಅಲ್ಪಸಂಖ್ಯಾತರಿಗೂ ಇದು ಆಗುತ್ತದೆ. ಅವರು ಬರುವುದು "ಮೂಲವ್ಯಾಧಿ" ಎಂದು ಹೇಳಿಕೊಂಡು, ತೀರಾ ತಡವಾಗಿ. ಪೆಪ್, ಆಂಟಿಬಯೋಟಿಕ್, ಹೆಪಟೈಟಿಸ್ ಲಸಿಕೆ, ಸ್ವಾಬ್ ಎಲ್ಲ ಅವರಿಗೂ ಅದೇ, ಗಡುವೂ ಅದೇ.

ಹದಿನೆಂಟು ದಾಟಿದ ಹೆಂಡತಿಗೆ ಗಂಡನೇ ಮಾಡಿದ್ದರೆ ಕಾನೂನಿನಲ್ಲಿ ಅದನ್ನು ಅತ್ಯಾಚಾರ ಎಂದು ಇನ್ನೂ ಹೇಳುವುದಿಲ್ಲ. ಹಾಗೆಂದು ಹರಿದ ಜಾಗಕ್ಕೆ ಹೊಲಿಗೆ ಹಾಕುವುದಿಲ್ಲ ಅನ್ನುವಂತಿಲ್ಲ. ಕೌಟುಂಬಿಕ ದೌರ್ಜನ್ಯದ 2005ರ ಕಾಯ್ದೆಯಡಿ ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಬೇಕು. ಗರ್ಭಪಾತದ 24 ವಾರದ ಅವಕಾಶ ಗಂಡನಿಂದ ಬಲಾತ್ಕಾರಕ್ಕೊಳಗಾದವರಿಗೂ ಇದೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದಿನಗಳು, ವರ್ಷಗಳು ಕಳೆದಿದ್ದರೆ

ನಾಲ್ಕು ದಿನ ದಾಟಿದ ಮೇಲೂ ಬಟ್ಟೆ ಒಗೆಯದೆ ಇಟ್ಟಿದ್ದರೆ ಅದು ಸಾಕ್ಷ್ಯವೇ. ಪೆಪ್ ಗಡುವು ಮುಗಿದಿದ್ದರೂ ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ರಕ್ತಪರೀಕ್ಷೆ ಮಾಡಿಸಬಹುದು, ಬಂದಿದ್ದರೆ ಚಿಕಿತ್ಸೆ ಇದೆ. ಸಿಫಿಲಿಸ್ ಅಂತೂ ಪೆನ್ಸಿಲಿನ್ ಇಂಜೆಕ್ಷನ್‌ಗೆ ವಾಸಿಯಾಗುವ ಕಾಯಿಲೆ. ವರ್ಷಗಳ ಹಿಂದೆ ಆದದ್ದನ್ನು ಯಾರಿಗೂ ಹೇಳದೆ ಇಟ್ಟುಕೊಂಡು, ಸಂಗಾತಿಯ ಜೊತೆ ಸೇರಿದಾಗ ನೋವು, ಆಗಾಗ ಕಿಬ್ಬೊಟ್ಟೆ ನೋವು ಎಂದು ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸುವವರಿದ್ದಾರೆ. ಹೆರಿಗೆ ಟೇಬಲ್ ಮೇಲೆ ಕಾಲು ಅಗಲಿಸಲು ಹೇಳಿದ ಕೂಡಲೇ ನಡುಗುವವರನ್ನೂ ನೋಡಿದ್ದೇನೆ. ಡಾಕ್ಟರಿಗೆ ಪೂರ್ತಿ ಕತೆ ಹೇಳಬೇಕಾಗಿಲ್ಲ. ಒಪಿಡಿ ಚೀಟಿಯ ಹಿಂದೆ "ನನಗೆ ಹಿಂದೆ ದೌರ್ಜನ್ಯ ಆಗಿದೆ, ಒಳಪರೀಕ್ಷೆ ಮಾಡುವ ಮುಂಚೆ ಹೇಳಿ, ನಿಧಾನ ಮಾಡಿ" ಎಂದು ಒಂದು ಸಾಲು ಬರೆದು ಅವರ ಟೇಬಲ್ ಮೇಲಿಡಿ.